ತರಬೇತಿ ಸಾಕಷ್ಟಾಯಿತು, ಇನ್ನು ಸಂಬಳದ ಮಾತಾಡೋಣ

‘ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ.’ ಪುತ್ತೂರು, ಸುಳ್ಯ, ಕಡಬದ ಯಾವ ಸಭೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕಾಡು ಕಾಯಲು, ತೋಡಿಗೆ ಕಟ್ಟ ಹಾಕಲು ಜನ ಸಿಗುತ್ತಿಲ್ಲ ಎಂದಾಗ ಪರಿಹಾರವೂ ಸಿದ್ಧವಾಗಿರುತ್ತದೆ: ಒಂದು ಶಿಬಿರ, ಒಂದು ಪ್ರಮಾಣಪತ್ರ, ಜುಲೈಯಲ್ಲಿ ಒಂದು ವನಮಹೋತ್ಸವ. ಹುಡುಗರ ಮೇಲೆ ಹೊರಿಸಿದ ಈ ಆರೋಪವೂ ಸುಳ್ಳು, ಅದಕ್ಕೆ ಕೊಡುತ್ತಿರುವ ಮದ್ದೂ ತಪ್ಪು.

ಮಳೆಗಾಲದಲ್ಲಿ ಪುತ್ತೂರಿನ ದರ್ಬೆಯಿಂದ ಸ್ವಲ್ಪ ಆಚೆಯ ಯಾವುದೇ ಅಡಿಕೆ ತೋಟಕ್ಕೆ ಹೋಗಿ ನೋಡಿ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವವರು ಪಾಚಿ ಕಟ್ಟಿದ ಮರಕ್ಕೆ ತಳೆ ಹಾಕಿ ಏರುತ್ತಾರೆ, ತುದಿಯಲ್ಲೇ ಓಲಾಡಿ ಪಕ್ಕದ ಮರ ಹಿಡಿಯುತ್ತಾರೆ. ಇದಕ್ಕಿಂತ ಕಷ್ಟದ, ಅಪಾಯದ ಕೆಲಸ ಇನ್ನೇನಿದೆ? ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಮದ್ದು ಬಿಡುವ, ಕೊಯ್ಲು ಮಾಡುವ ಹೊಸ ತಂಡಗಳೂ ಹುಟ್ಟಿಕೊಂಡವು. ಇವರಲ್ಲಿ ಯುವಕರು ಇದ್ದೇ ಇದ್ದಾರೆ, ಏಕೆಂದರೆ ಅಲ್ಲಿ ಮರ್ಯಾದೆಯ ಕೂಲಿ ಇದೆ. ದರ್ಬೆ ಬಳಿಯ ಮೊಟ್ಟೆತ್ತಡ್ಕದ ಗೇರು ಸಂಶೋಧನಾ ಕೇಂದ್ರದ ವಿಷಯವೂ ಇದೇ. ಎಳೆ ಸಸಿಯ ತಲೆ ಕತ್ತರಿಸಿ, ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿ ಕೂರಿಸಿ ಪಟ್ಟಿ ಸುತ್ತುವ ಕಸಿ ವಿದ್ಯೆ ಕಲಿತವನಿಗೆ ಅನ್ನ ಹುಟ್ಟುವುದು, ಕಸಿ ಗಿಡಕ್ಕೆ ದುಡ್ಡು ಕೊಡುವ ನರ್ಸರಿಗಳಿರುವುದರಿಂದ. ಕಲಿಕೆಯ ಹಿಂದೆ ಕೆಲಸ ನಿಂತಿರಬೇಕು.

ಸಂರಕ್ಷಣೆಯಲ್ಲಿ ಹಾಗೆ ನಿಂತಿಲ್ಲ. ಪಶ್ಚಿಮವಾಹಿನಿ ಯೋಜನೆಯಲ್ಲಿ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳು ಬಂದವು. ಆದರೆ ನೀರು ನಿಲ್ಲಿಸುವುದು ಬರೀ ಕಾಂಕ್ರೀಟಲ್ಲ, ಹಲಗೆ. ಹರಿವು ಇಳಿಯುತ್ತಿದ್ದಂತೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಬೇಕು. ಮುಂಗಾರಿನ ದೊಡ್ಡ ಮಳೆಗೆ ಮೊದಲು ಎಲ್ಲವನ್ನೂ ಎತ್ತಬೇಕು, ಇಲ್ಲವಾದರೆ ಮರಮಟ್ಟು ಸಿಕ್ಕಿಕೊಂಡು ನೆರೆ ಪಕ್ಕದ ದಂಡೆಯನ್ನು ಕೊರೆಯುತ್ತದೆ. ಹಲಗೆ ಹಾಕುವುದು ಹದಿನೈದು ದಿನ ತಡವಾದರೆ ಅಷ್ಟೂ ದಿನದ ನೀರು ಸಮುದ್ರ ಸೇರಿತು. ಕಟ್ಟಲು ಟೆಂಡರ್ ಉಂಟು; ವರ್ಷವರ್ಷ ಹಲಗೆ ಹಾಕಿ, ತೆಗೆದು, ಕಾಪಿಡುವವನಿಗೆ ಖಾಯಂ ಹುದ್ದೆಯಿಲ್ಲ.

ಕಾಡಿನಂಚಿನಲ್ಲೂ ಇದೇ ಕೊರತೆ. 2023ರ ಫೆಬ್ರುವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಆಮೇಲೆ ಸಾಕಾನೆಗಳು ಬಂದವು, ಕಾರ್ಯಾಚರಣೆ ನಡೆಯಿತು. ಆದರೆ ಜೀವ ಉಳಿಸುವುದು ದಿನವೂ ಜಾಡು ನೋಡಿ, ನಸುಕಿಗೆ ಮೊದಲೇ ಊರಿಗೆ ಸುದ್ದಿ ಮುಟ್ಟಿಸುವ ಸ್ಥಳೀಯರು. ಬೆಂಕಿ ರೇಖೆ ಸವರುವವರು, ಜಾಡು ಹಿಡಿಯುವವರು ಬೇಸಿಗೆಗೆ ಬಂದು ಮಳೆಗೆ ಮನೆಗೆ ಹೋಗುವ ದಿನಗೂಲಿಗಳಾದರೆ, ಅವರ ಅನುಭವವೂ ಜೊತೆಗೇ ಹೋಗುತ್ತದೆ.

ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತು. ಸಸ್ಯ ಗುರುತಿಸುವುದರಿಂದ ಹಿಡಿದು ವನ್ಯಜೀವಿ ನಿರ್ವಹಣೆವರೆಗೆ ಒಳ್ಳೆಯ ಪಾಠಗಳೇ. ಪ್ರಮಾಣಪತ್ರ ಹಿಡಿದು ಬಂದವರಿಗೆ ಊರಲ್ಲೇ ಹುದ್ದೆ ಕಾದಿಡುವ ಹೊಣೆ ಮಾತ್ರ ಯಾರದೂ ಆಗಲಿಲ್ಲ. ಉದ್ಯೋಗ ಖಾತರಿಯಡಿ ಮದಕ, ಇಂಗುಗುಂಡಿಗಳ ಕೆಲಸ ಆಗಿದೆ, ನಿಜ. ಆದರೆ 2025–26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ತೋಟದಲ್ಲಿ ಇದಕ್ಕಿಂತ ಬಹಳ ಹೆಚ್ಚು ದುಡಿಯಬಲ್ಲ ಹುಡುಗ ಅತ್ತ ತಲೆ ಹಾಕದಿದ್ದರೆ ಅದು ಸೋಮಾರಿತನವಲ್ಲ, ಲೆಕ್ಕ.

ಅಮೆರಿಕ 1933ರಲ್ಲಿ ಮಹಾ ಆರ್ಥಿಕ ಕುಸಿತದ ನಡುವೆ ನಾಗರಿಕ ಸಂರಕ್ಷಣಾ ಪಡೆ ಕಟ್ಟಿದಾಗ ಮೊದಲು ಕೊಟ್ಟದ್ದು ಸಂಬಳ: ತಿಂಗಳಿಗೆ 30 ಡಾಲರ್, ಅದರಲ್ಲಿ ಸುಮಾರು 25 ನೇರವಾಗಿ ಮನೆಗೆ. ಊಟ, ವಸತಿ ಬೇರೆ. ಓದುಬರಹದ ತರಗತಿಗಳು ಸಂಜೆ ನಡೆಯುತ್ತಿದ್ದವು. 1942ರೊಳಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದರು. ಆ ಪಡೆಯ ಶಿಸ್ತು, ಗಂಡಸರಿಗೇ ಮೀಸಲಾಗಿದ್ದ ಅದರ ಸ್ವರೂಪ ನಮಗೆ ಬೇಡ. ಮನೆ ನಡೆಯುವಷ್ಟು ಸಂಬಳ ಕೊಟ್ಟು, ಕೆಲಸದ ಜೊತೆಗೇ ಕಲಿಸಿದ ಕ್ರಮ ಬೇಕು.

ದುಡ್ಡೆಲ್ಲಿ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಡು ಕಳೆದುಕೊಂಡದ್ದಕ್ಕೆ ಪರಿಹಾರವಾಗಿ ಸಂಗ್ರಹವಾದ ನಿಧಿಯಿಂದ 2019ರ ಆಗಸ್ಟ್‌ನಲ್ಲಿ ಕೇಂದ್ರ ರಾಜ್ಯಗಳಿಗೆ ಕೊಟ್ಟದ್ದು 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡಲು ನಮ್ಮ ಸರ್ಕಾರವೇ ಮನಸ್ಸು ಮಾಡಿತು. ಆ ನೆರವು ಇರಲಿ, ಅದರ ಪಕ್ಕದಲ್ಲಿ ದುಡಿಮೆಯ ದಾರಿಯೂ ಇರಲಿ.

ಆ ದಾರಿ ಹೀಗಿರಲಿ: ಪ್ರತಿ ಪಂಚಾಯತಿಗೆ ನಾಲ್ಕೈದು ಮಂದಿಯ ಒಂದು ತಂಡ, ಹುಡುಗಿಯರೂ ಸೇರಿ. ಮಳೆಗಾಲಕ್ಕೆ ಗಿಡ ನೆಟ್ಟು ಸಾಕುವುದು, ಮಳೆ ಕಳೆದ ಮೇಲೆ ಕಟ್ಟ ಮತ್ತು ಹಲಗೆ, ಬೇಸಿಗೆಗೆ ಬೆಂಕಿ ಕಾವಲು, ವರ್ಷವಿಡೀ ಆನೆಯ ಜಾಡು. ಹನ್ನೆರಡು ತಿಂಗಳ ಸಂಬಳ, ವಿಮೆ, ಪಿಎಫ್, ಕಾಲಿಗೆ ಒಳ್ಳೆಯ ಬೂಟು. ಇಷ್ಟನ್ನು ಕೊಟ್ಟ ಮೇಲೂ ಅರ್ಜಿ ಬರದಿದ್ದರೆ ಹುಡುಗರನ್ನು ಬೈಯೋಣ. ಅಲ್ಲಿಯವರೆಗೆ ಆ ಹಕ್ಕು ನಮಗಿಲ್ಲ.