ತೂಕ ಕೂಡಿದರೆ ಬಲ ಕೂಡೀತೆ?

ಮೈಸೂರು ರಸ್ತೆಯಿಂದ ಕಮಾನು ದಾಟಿ ರಾಜರಾಜೇಶ್ವರಿನಗರದ ಒಳಕ್ಕೆ ಹೋಗಿ. ಏರಿಳಿತದ ಬೀದಿಗಳಲ್ಲಿ ಜಿಮ್‌ಗಳ ಫಲಕಗಳು ಕಾಣುತ್ತವೆ. ತೂಕ ಇಳಿಸುವ ಭರವಸೆ ಒಂದು ಕಡೆ, ತೂಕ ಏರಿಸಿ ಬಲಶಾಲಿ ಮಾಡುವ ಭರವಸೆ ಇನ್ನೊಂದು ಕಡೆ. ಪುಡಿ ಡಬ್ಬಿಗಳ ಜಾಹೀರಾತಿನದೂ ಇದೇ ಧಾಟಿ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಭೌತರಾಶಿಗಳು ಒಂದಾಗಿಬಿಟ್ಟಿವೆ. ತೂಕವೆಂದರೆ ಭೂಮಿ ನಮ್ಮನ್ನು ಎಳೆಯುವ ಬಲ; ಇಲ್ಲಿ ಬೇಕಾಗಿರುವುದು ಸ್ನಾಯು ಎಳೆಯುವ ಬಲ. ಕೂಡಿದ್ದು ಸ್ನಾಯುವೋ ಕೊಬ್ಬೋ ನೀರೋ ಎಂಬುದು ತೂಕದ ಯಂತ್ರಕ್ಕೆ ತಿಳಿಯದು.

ಅಮೆರಿಕದ ಲೂಸಿಯಾನದಲ್ಲಿರುವ ಪೆನ್ನಿಂಗ್‌ಟನ್ ಸಂಶೋಧನಾ ಕೇಂದ್ರದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. 25 ಮಂದಿಗೆ ಎಂಟು ವಾರ, ದಿನಕ್ಕೆ ಸುಮಾರು 950 ಕಿಲೊಕ್ಯಾಲೊರಿಯಷ್ಟು ಹೆಚ್ಚು ಆಹಾರ ಕೊಡಲಾಯಿತು. ಪ್ರೋಟೀನಿನ ಪಾಲು ಮಾತ್ರ ಮೂರು ಗುಂಪುಗಳಲ್ಲಿ ಬೇರೆ: ಶೇಕಡ 5, 15 ಮತ್ತು 25. ಮೊದಲ ಗುಂಪಿನವರ ತೂಕ ಸರಾಸರಿ 3.16 ಕಿಗ್ರಾಂ ಏರಿತು. ಆದರೆ ಕೊಬ್ಬನ್ನು ಬಿಟ್ಟ ದೇಹರಾಶಿ 0.70 ಕಿಗ್ರಾಂ ಇಳಿಯಿತು! ಉಳಿದ ಗುಂಪುಗಳಲ್ಲಿ ಅದು 2.87 ಮತ್ತು 3.18 ಕಿಗ್ರಾಂ ಏರಿತು. ಕೊಬ್ಬು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಸೇರಿತ್ತು. ಪ್ರೋಟೀನು ಪುಡಿ ಮಾರುವವರಿಗೆ ಪ್ರಿಯವಾಗಬಹುದಾದ ಫಲಿತಾಂಶ. ಆದರೆ 15ರಿಂದ 25ಕ್ಕೆ ಏರಿಸಿದಾಗ ಸಿಕ್ಕ ಲಾಭ ಎಷ್ಟು ಅಲ್ಪ, ನೋಡಿದಿರಾ? ಅಲ್ಲದೆ ಕೊಬ್ಬು ಬಿಟ್ಟ ರಾಶಿಯಲ್ಲಿ ನೀರು, ಅಂಗಾಂಗಗಳೂ ಸೇರಿವೆ. ಅದನ್ನೇ ಬಲವೆಂದು ಓದಬಾರದು.

ಇನ್ನು ನಿಜವಾಗಿ ಭಾರ ಎತ್ತುವವರ ವಿಷಯ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಗ್ರಾಂ ವಿಭಾಗದಲ್ಲಿ ಒಟ್ಟು 249 ಕಿಗ್ರಾಂ ಎತ್ತಿ ಬೆಳ್ಳಿ ಗೆದ್ದರು. ವಿಭಾಗಗಳು ಬದಲಾದ ಮೇಲೆ, 2022ರಲ್ಲಿ 61 ಕಿಗ್ರಾಂ ವಿಭಾಗದಲ್ಲಿ 269 ಕಿಗ್ರಾಂ ಎತ್ತಿ ಕಂಚು ಪಡೆದರು. ವಿಭಾಗದ ಮಿತಿಯನ್ನೇ ದೇಹತೂಕವೆಂದು ಹಿಡಿದು ಭಾಗಿಸಿ: 4.45, ಆಮೇಲೆ 4.41. ಎತ್ತಿದ ಭಾರ 20 ಕಿಗ್ರಾಂ ಹೆಚ್ಚಿತು. ತೂಕದ ಪ್ರತಿ ಕಿಗ್ರಾಂಗೆ ಲೆಕ್ಕ ಹಾಕಿದರೆ ತುಸು ಇಳಿಯಿತು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ತೂಕ ಗಾತ್ರವನ್ನು ಅವಲಂಬಿಸಿದೆ. ಗಾತ್ರ ಘನದಂತೆ ಬೆಳೆದಾಗ ವಿಸ್ತೀರ್ಣ ವರ್ಗದಂತೆ ಬೆಳೆಯುತ್ತದೆ ಎಂದು ಗೆಲಿಲಿಯೊ 1638ರಲ್ಲೇ ವಿವರಿಸಿದ್ದ. ಈ ನಿಯಮದಂತೆ 61 ಕಿಗ್ರಾಂನವರು ಸುಮಾರು 264 ಕಿಗ್ರಾಂ ಎತ್ತಬೇಕು. ಉಳಿದ ಐದು ಕಿಗ್ರಾಂ ಅಭ್ಯಾಸದ ಪಾಲೆನ್ನೋಣ. ತರಬೇತಿಯ ಮೊದಲ ವಾರಗಳಲ್ಲಂತೂ ತೂಕ ಹಾಗೇ ಇದ್ದು ಬಲ ಏರುತ್ತದೆ; ನರಗಳು ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಕಲಿಯುವುದೇ ಕಾರಣ.

ಹಾಗೆಂದು ತೂಕ ಕೂಡುವುದೇ ತಪ್ಪಲ್ಲ. ಬಹುಕಾಲ ಅರೆಹೊಟ್ಟೆ ಉಂಡವರ ಮುಷ್ಟಿಬಲ ಕಡಿಮೆಯೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮಾರಿಯೊ ವಾಜ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ್ದರು. ಅಂಥವರಿಗೆ ತೂಕ ಬೇಕೇ ಬೇಕು, ಸ್ನಾಯುವಿನ ರೂಪದಲ್ಲಿ. ಎತ್ತರ-ತೂಕದ ಸೂಚ್ಯಂಕವನ್ನೂ ಪೂರ್ತಿ ನಂಬಬೇಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಅಳೆದು ತೋರಿಸಿದರು: ಇಬ್ಬರ ಸೂಚ್ಯಂಕವೂ 22.3, ಕೊಬ್ಬು ಮಾತ್ರ ಶೇಕಡ 21.2 ಮತ್ತು 9.1.

ಜಾಹೀರಾತಿನ ‘ಶಕ್ತಿ’ ಎಂಬ ಪದವೂ ಗೊಂದಲದ್ದೇ. ಕ್ಯಾಲೊರಿ ಶಕ್ತಿಯ ಮಾನ. ಬಲದ್ದಲ್ಲ, ಸಾಮರ್ಥ್ಯದ್ದೂ ಅಲ್ಲ. ತರಗತಿಯಲ್ಲಿ ಇದನ್ನು ಮೆಟ್ಟಿಲ ಮೇಲೆ ತೋರಿಸಬಹುದು. 15 ಸೆಂ.ಮೀ. ಎತ್ತರದ 40 ಮೆಟ್ಟಿಲು, ಅಂದರೆ 6 ಮೀಟರ್. 50 ಕಿಗ್ರಾಂ ತೂಗುವ ವಿದ್ಯಾರ್ಥಿ ಏರಿದರೆ ಮಾಡುವ ಕೆಲಸ 2940 ಜೂಲ್. 15 ಸೆಕೆಂಡಿನಲ್ಲಿ ಏರಿದರೆ ಸಾಮರ್ಥ್ಯ 196 ವಾಟ್. ಈಗ ಬೆನ್ನಿಗೆ 5 ಕಿಗ್ರಾಂ ಪುಸ್ತಕದ ಚೀಲ ಹಾಕಿಸಿ. ಕೊಬ್ಬಿನಂತೆಯೇ ಚೀಲವೂ ಎಳೆಯಲಾರದು, ತೂಗಬಲ್ಲದು. ಸಾಮರ್ಥ್ಯ ಅಷ್ಟೇ ಇದ್ದರೆ 16.5 ಸೆಕೆಂಡು ಬೇಕು. ನಿಮ್ಮ ವಿದ್ಯಾರ್ಥಿಗಳಿಗೆ ಎಷ್ಟು ಹಿಡಿಯಿತೆಂದು ಅಳೆದು ನೋಡಿ. ಉಬ್ಬಸವಿರುವ ಮಕ್ಕಳ ಕೈಗೆ ಗಡಿಯಾರ ಕೊಡಿ.