ಪುದುಚೇರಿಯ ಯುದ್ಧಕಾಲದ ಪತ್ರಗಳು ಮತ್ತು ಹಲಸಂಗಿ ಗೆಳೆಯರ ಬಳಗ

ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರ ಬಳಗವನ್ನು ಕನ್ನಡ ವಿಮರ್ಶೆ ಎರಡು ನೆಲೆಗಳಲ್ಲಿ ಗುರುತಿಸುತ್ತ ಬಂದಿದೆ. ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಸಂಕಲನಗಳಿಂದಾಗಿ ಅದು ಜನಪದ ಗೀತಸಂಗ್ರಹದ ಆದ್ಯ ಪ್ರಯತ್ನ. ಮಧುರಚೆನ್ನರ ‘ನನ್ನ ನಲ್ಲ’ದಿಂದಾಗಿ ಅನುಭಾವದ ನೆಲೆ. ಎರಡೂ ಓದುಗಳು ಮೂವತ್ತರ ದಶಕದಲ್ಲಿಯೇ ನಿಂತುಬಿಡುತ್ತವೆ. ಬಳಗವು ಗುರುವೆಂದು ಸ್ವೀಕರಿಸಿದ್ದ ಶ್ರೀ ಅರವಿಂದರು ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಪರ ನಿಂತ ಸಂಗತಿ ಈ ಚರ್ಚೆಯೊಳಗೆ ಬರುವುದೇ ಇಲ್ಲ.

1926ರ ನವೆಂಬರಿನಿಂದ ಅರವಿಂದರು ಏಕಾಂತಕ್ಕೆ ಸಂದಿದ್ದರು. ವರ್ಷದ ಮೂರು-ನಾಲ್ಕು ದರ್ಶನದಿನಗಳನ್ನು ಬಿಟ್ಟರೆ ಶಿಷ್ಯರಿಗೆ ಅವರೊಡನೆ ಇದ್ದ ಸಂಪರ್ಕ ಪತ್ರದ್ದು ಮಾತ್ರ. 1938ರ ನವೆಂಬರಿನಲ್ಲಿ ಕಾಲು ಮುರಿದ ಮೇಲೆ ಆ ಪತ್ರವ್ಯವಹಾರವೂ ಕೆಲವೇ ಆಪ್ತರಿಗೆ ಸೀಮಿತವಾಯಿತು. ಯುದ್ಧವನ್ನು ಕುರಿತ ಅವರ ಖಾಸಗಿ ಪತ್ರಗಳು ವಿರಳವಾಗಿರುವುದಕ್ಕೆ ಇದೇ ಕಾರಣ. ಅವುಗಳಿಗೆ ಬಂದ ತೂಕಕ್ಕೂ ಇದೇ ಕಾರಣ. ಪುದುಚೇರಿಯಾದರೋ ಫ್ರೆಂಚರ ನೆಲ. ಅಲ್ಲಿಂದ ಮುಂಬಯಿ ಪ್ರಾಂತಕ್ಕೆ ಬರುವ ಕಾಗದವು ಪರರಾಜ್ಯದ ಕಾಗದವೇ ಆಗಿತ್ತು.

1940ರ ಸೆಪ್ಟೆಂಬರಿನಲ್ಲಿ ಅರವಿಂದರು ಮತ್ತು ಶ್ರೀಮಾತೆಯವರು ಮದರಾಸಿನ ಗವರ್ನರರಿಗೆ ಬಹಿರಂಗವಾಗಿ ಬೆಂಬಲ ತಿಳಿಸಿ ಯುದ್ಧನಿಧಿಗೆ ಹಣ ಕಳುಹಿಸಿದರು. 1942ರ ಮಾರ್ಚಿ 31ರಂದು ಕ್ರಿಪ್ಸ್ ಸೂಚನೆಗಳನ್ನು ಸ್ವಾಗತಿಸಿದರು; ಕಾಂಗ್ರೆಸ್ ಅವನ್ನು ತಿರಸ್ಕರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ‘ಚಲೇಜಾವ್’ ಚಳವಳಿಯಲ್ಲಿ ಮುಳುಗಿದವು. ಗುರುವಿನ ನಿಲುವಿಗೂ ಸುತ್ತಣ ಊರುಗಳ ನಿಲುವಿಗೂ ನಡುವೆ ಬಿದ್ದ ಈ ಅಂತರವನ್ನು ‘ಅಂತರ್ಮುಖತೆ’ಯೆಂಬ ಒಂದೇ ಪದದಿಂದ ದಾಟಿಬಿಡುವುದು ವಿಮರ್ಶೆಯ ಸೋಮಾರಿತನವೆನ್ನಬೇಕು.

ಎರಡು ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. 1942ರ ಜುಲೈ 29ರ ಪತ್ರ ನಿರ್ಣಯದ ಧಾಟಿಯದು: ಇದು ದೇಶದೇಶಗಳ ಕಾಳಗವಲ್ಲ, ಮಾನವಕುಲದ ಮುನ್ನಡೆಗೆ ಎಡೆ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ. 1943ರ ಸೆಪ್ಟೆಂಬರಿನಲ್ಲಿ ದಿಲೀಪಕುಮಾರ ರಾಯರಿಗೆ ಬರೆದ ಪತ್ರದಲ್ಲಿ ಧ್ವನಿ ಬೇರೆ. ಮಿತ್ರರಾಷ್ಟ್ರಗಳ ಅಪರಾಧಗಳನ್ನು ಒಪ್ಪಿಕೊಂಡೇ ವಾದ ಮುಂದುವರಿಯುತ್ತದೆ. ಈ ಒಪ್ಪಿಗೆ ಏಕೆ ಬಂದಿತೆಂಬುದನ್ನು ತಿಳಿಯಲು ಪತ್ರ ಯಾರಿಗೆ ಹೋಯಿತೆಂಬುದು ಗೊತ್ತಿರಬೇಕು. ರಾಯರು ಸುಭಾಷಚಂದ್ರ ಬೋಸರ ಕೇಂಬ್ರಿಜ್ ಕಾಲದ ಗೆಳೆಯರು. ಬೋಸರು ಅದೇ ವರ್ಷದ ಜುಲೈನಲ್ಲಿ ಸಿಂಗಾಪುರದಲ್ಲಿ ಆಜಾದ್ ಹಿಂದ್ ಚಳವಳಿಯ ನೇತೃತ್ವ ವಹಿಸಿದ್ದರು. ಒಬ್ಬ ಶಿಷ್ಯನ ಗುರು ಒಂದು ಪಕ್ಷದಲ್ಲಿ, ಜೀವದ ಗೆಳೆಯ ಎದುರುಪಕ್ಷದಲ್ಲಿ. ಪತ್ರದ ಎಚ್ಚರಿಕೆಯ ಸೌಜನ್ಯ ಹುಟ್ಟಿದ್ದು ಇಲ್ಲಿ.

1947ರಿಂದ ಸರಣಿಯಾಗಿ ಪ್ರಕಟವಾದ ಅರವಿಂದರ ಪತ್ರಸಂಪುಟಗಳು ವಿಷಯಾನುಸಾರ ಜೋಡಣೆಗೊಂಡವು. ಪಡೆದವರ ಹೆಸರು ಬಿಟ್ಟುಹೋಯಿತು. ಸಾಧಕರಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಒಬ್ಬರ ಸಂಕಟಕ್ಕೆ ಕೊಟ್ಟ ಉತ್ತರ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ವಚನವಾಗಿ ಮಾರ್ಪಟ್ಟಿತು. ಯುದ್ಧಭಯದಿಂದ ಶಿಷ್ಯರ ಕುಟುಂಬಗಳು ಮಕ್ಕಳೊಡನೆ ಆಶ್ರಮ ಸೇರಿದ್ದು, ಅದರಿಂದ 1943ರ ಡಿಸೆಂಬರ 2ರಂದು ಅಲ್ಲಿ ಶಾಲೆ ತೆರೆದದ್ದು, ಇಂಥ ಮನೆಮಾತಿನ ಸಂಗತಿಗಳು ಆ ಜೋಡಣೆಯಲ್ಲಿ ಸ್ಥಾನ ಪಡೆಯುವಂತಿಲ್ಲ.

ಅರವಿಂದರ ಕಡೆಗೆ ಒಲಿದ ಕನ್ನಡದ ಬರೆಹಗಾರರು ಹಲಸಂಗಿಯವರಷ್ಟೇ ಅಲ್ಲ; ಬೇಂದ್ರೆಯವರೂ ಗೋಕಾಕರೂ ಇದ್ದರು. 1944ರಲ್ಲಿ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಬಂದಮೇಲೆ ಹಲಸಂಗಿಗೆ ಇನ್ನಷ್ಟು ಹತ್ತಿರದವರಾದರು. ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಸಿಗಬಹುದಾದ 1939-45ರ ಕಾಗದಗಳನ್ನು ‘ಆಧ್ಯಾತ್ಮ’, ‘ಜಾನಪದ’, ‘ಚಳವಳಿ’ ಎಂದು ಮೂರು ಗಂಟು ಕಟ್ಟುವುದು ಅದೇ ತಪ್ಪಿನ ಪುನರಾವರ್ತನೆಯಾದೀತು. ಅವು ಬಂದ ಅನುಕ್ರಮದಲ್ಲಿಯೇ ಇರಲಿ. ಲಕೋಟೆಯನ್ನು ಎಸೆದು ಒಳಗಿನ ಹಾಳೆಯನ್ನಷ್ಟೇ ಕಾಯ್ದಿಡುವ ರೂಢಿ ಗ್ರಂಥಾಲಯಗಳಲ್ಲೂ ಇದೆ. ಅಂಚೆಯ ಮುದ್ರೆ, ತಪಾಸಣೆಯ ಗುರುತು, ವಿಳಾಸದ ಕೈಬರೆಹ ಇರುವುದೆಲ್ಲ ಆ ಲಕೋಟೆಯ ಮೇಲೆಯೇ.