ಗರಿಯೊಳಗಿನ ಸತು

ತಿಪಟೂರಿನ ಉಂಡೆ ಕೊಬ್ಬರಿಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಆ ತೆಂಗಿನ ಮರದ ಗರಿಯೊಳಗೆ ದುಡಿಯುವ ಸತುವಿನ ಪರವಾಗಿ ನನ್ನದೊಂದು ಮಾತು. ಹಸಿರು ಗರಿಯ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವದಲ್ಲಿ ಎರಡು ಸಿಸ್ಟೀನ್, ಒಂದು ಹಿಸ್ಟಿಡೀನ್ ಎಂಬ ಅಮೈನೋ ಆಮ್ಲಗಳು ಸೇರಿ ಒಂದು ಸತುವಿನ ಅಯಾನನ್ನು ಹಿಡಿದಿರುತ್ತವೆ. ನಮ್ಮ ರಕ್ತಕಣದಲ್ಲಾದರೆ ಅದೇ ಕೆಲಸಕ್ಕೆ ಮೂರು ಹಿಸ್ಟಿಡೀನ್. ನಾಲ್ಕನೆಯ ಕಡೆ ನೀರಿನ ಅಣುವೊಂದು ಬಂದು ಕೂರುತ್ತದೆ. ಸತು ಅದರ ಒಂದು ಪ್ರೋಟಾನನ್ನು ಕಳಚಿಸಿ, ಉಳಿದದ್ದನ್ನು ಇಂಗಾಲದ ಡೈಆಕ್ಸೈಡಿನ ಮೇಲೆ ಛೂ ಬಿಡುತ್ತದೆ. ನಮ್ಮ ರಕ್ತದ ಕಿಣ್ವ ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಇದನ್ನು ಮಾಡಬಲ್ಲದು! ಕಬ್ಬಿಣ, ತಾಮ್ರಗಳ ಹಾಗೆ ಎಲೆಕ್ಟ್ರಾನು ಕೊಟ್ಟು ಕೊಳ್ಳುವ ಚಪಲ ಸತುವಿಗಿಲ್ಲ, ಬಣ್ಣವೂ ಇಲ್ಲ. ಈ ಕಿಣ್ವದಲ್ಲಿ ಅದನ್ನು ವಿಜ್ಞಾನಿಗಳಾದ ಕೀಲಿನ್ ಮತ್ತು ಮಾನ್ ಗುರುತಿಸಿದ್ದು 1940ರಲ್ಲಿ.

ಸತುವಿನ ಓಡಾಟವಂತೂ ಇನ್ನೂ ಸೊಗಸು. ಜೀವಕೋಶದಲ್ಲಿ ಬಿಡಿಯಾಗಿ ತೇಲುವ ಸತು ಇಲ್ಲವೆನ್ನುವಷ್ಟು ಕಡಿಮೆ. ಲಾರಿಗೆ ತೆಂಗಿನಕಾಯಿ ತುಂಬುವಾಗ ಕೈಯಿಂದ ಕೈಗೆ ದಾಟಿಸುವಂತೆ, ಒಂದು ಪ್ರೋಟೀನು ಪೂರ್ತಿ ಬಿಡುವ ಮೊದಲೇ ಇನ್ನೊಂದು ಹಿಡಿದುಕೊಳ್ಳಬಲ್ಲದು. ಮನುಷ್ಯರ ಮೆಟಲೋಥಯೋನೀನ್ ಎಂಬ ಪ್ರೋಟೀನಿನಲ್ಲಿ 20 ಸಿಸ್ಟೀನ್‌ಗಳು 7 ಸತುಗಳನ್ನು ಬಿಗಿಯಾಗಿ ತಬ್ಬಿಕೊಂಡಿರುತ್ತವೆ. ಅಷ್ಟು ಬಿಗಿಯಿದ್ದೂ, ಬೇಕೆಂದ ಪ್ರೋಟೀನಿಗೆ ಸಲೀಸಾಗಿ ದಾಟಿಸುತ್ತವೆ! ಸಿಸ್ಟೀನಿನ ಗಂಧಕ ಉತ್ಕರ್ಷಣಗೊಂಡರಂತೂ ಸತು ತಾನಾಗಿ ಕಳಚಿಕೊಂಡು ಬೇರೆ ಕೆಲಸಕ್ಕೆ ಹೊರಡುತ್ತದೆ.